ಡಬ್ಬಿ, ಕಡ್ಡಿ, ಗುಂಟೂರು: ತಾನು ಯಾವ ಸಾಲಿನಲ್ಲಿದ್ದೇನೆಂದು ಬಲ್ಲ ಆರ್ ಫಂಕ್ಷನ್ ಬರೆಯುವ ಬಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಟೆಂಡರ್ ದಿನ ಹೋದವರು ನೋಡಿರುತ್ತೀರಿ. ದಲಾಲಿ ಅಂಗಡಿಗಳ ಮುಂದೆ ಕೆಂಪು ಮಾಲು, ಒಂದೊಂದು ಲಾಟಿಗೂ ಒಂದೊಂದು ನಂಬರಿನ ಚೀಟಿ. ಖರೀದಿದಾರ ಕಾಯಿ ಮುರಿದು ನೋಡುತ್ತಾನೆ, ಬಣ್ಣ ನೋಡುತ್ತಾನೆ, ಆದರೆ ದರ ಬರೆಯುವುದು ಲಾಟ್ ನಂಬರಿಗೆ. ಚೀಟಿ ಅದಲುಬದಲಾದರೆ ಒಬ್ಬರ ಮಾಲಿಗೆ ಇನ್ನೊಬ್ಬರ ದರ ಬೀಳುತ್ತದೆ.

ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಮ್ಯಾಟ್ರಿಕ್ಸ್ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಕೋಷ್ಟಕ) ಲೆಕ್ಕ ಮಾಡುವಾಗ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಕೂಡಿ ಕಳೆಯುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ. ಅಂಕಿ ಒಂದು ಕಡೆ, ಅದರ ಚೀಟಿ ಇನ್ನೊಂದು ಕಡೆ ಹೋಗಿರುತ್ತದೆ, ಅಷ್ಟೇ. ಅಂಕಿಯ ಜೊತೆ ಹೆಸರನ್ನೂ ಹಿಡಿದುಕೊಂಡೇ ನಡೆಯುವ ಸಣ್ಣ ಸಹಾಯಕ ಫಂಕ್ಷನ್‌ಗಳನ್ನು ನಾವೇ ಬರೆದುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಮಕ್ಕಳ ಪ್ರಾಜೆಕ್ಟುಗಳನ್ನು ತಿದ್ದುತ್ತ ತಿದ್ದುತ್ತ ರೂಪುಗೊಂಡ ಕ್ರಮ ಇದು.

ಆರ್‌ನಲ್ಲಿ ಅಲ್ಪಸ್ವಲ್ಪ ಕೈಯಾಡಿಸಿದವರಿಗಾಗಿ ಬರೆಯುತ್ತಿದ್ದೇನೆ. ಫಂಕ್ಷನ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿರಿ.

ಒಂದು ತಪ್ಪು ಲೆಕ್ಕದಿಂದ ಶುರು ಮಾಡೋಣ

ಹಾವೇರಿ ಕಡೆಯ ಒಬ್ಬ ವಿದ್ಯಾರ್ಥಿನಿ ಮೆಣಸಿನಕಾಯಿ ದರದ ಪ್ರಾಜೆಕ್ಟ್ ತಂದಿದ್ದಳು. ಅಡ್ಡಸಾಲಿನಲ್ಲಿ ಮೂರು ಬಗೆ: ಮೋಟಾಗಿ ದುಂಡಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ, ಖಾರ ಹೆಚ್ಚಿರುವ ಗುಂಟೂರು. ಕಂಬಸಾಲಿನಲ್ಲಿ ಮೂರು ಟೆಂಡರ್ ದಿನಗಳು. ಅವಳ ಅಂಕಿಗಳ ಬದಲು ಲೆಕ್ಕಕ್ಕೆ ಸುಲಭವಾಗುವಂತೆ ನಾನೇ ಇಟ್ಟುಕೊಂಡ ಅಂಕಿ ಕೊಡುತ್ತೇನೆ, ಕ್ವಿಂಟಾಲಿಗೆ ಸಾವಿರ ರೂಪಾಯಿ ಲೆಕ್ಕದಲ್ಲಿ:

ಡಬ್ಬಿ: 30, 32, 34
ಕಡ್ಡಿ: 25, 24, 29
ಗುಂಟೂರು: 11, 13, 12

ಆಯಾ ದಿನದ ಸರಾಸರಿಗಿಂತ ಪ್ರತಿ ಬಗೆ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದು ಅವಳಿಗೆ ಬೇಕಿತ್ತು. ಕಂಬಸಾಲುಗಳ ಸರಾಸರಿ ಕೊಡುವ ಫಂಕ್ಷನ್ ‘ಕೋಲ್‌ಮೀನ್ಸ್’ (ನಡುವಿನ ‘ಎಂ’ ದೊಡ್ಡಕ್ಷರ). ಅದು 22, 23, 25 ಎಂದು ಕೊಡುತ್ತದೆ. ಮ್ಯಾಟ್ರಿಕ್ಸಿನಿಂದ ಅದನ್ನು ನೇರವಾಗಿ ಕಳೆದುಬಿಟ್ಟಿದ್ದಳು. ಡಬ್ಬಿಯ ಸಾಲಿಗೆ ಬಂದ ಉತ್ತರ 8, 10, 12.

“ಸರ್, ಡಬ್ಬಿ ದಿನಾ ದಿನಾ ಉಳಿದ ಮಾಲಿಗಿಂತ ಮುಂದ ಮುಂದ ಹೊಂಟೈತಿ ಅಂತ ಬಂದೈತ್ರಿ,” ಅಂದಳು. “ಆದ್ರ ನಮ್ಮಪ್ಪ ಹಂಗೇನಿಲ್ಲ, ಫರಕ್ ಅಷ್ಟ ಐತಿ ಅಂತಾರ್ರಿ.”

ಅಪ್ಪನ ಮಾತೇ ಖರೆ. ಸರಿಯಾದ ಉತ್ತರ 8, 9, 9.

ಏನಾಯಿತೆಂದರೆ, ಆರ್ ಮ್ಯಾಟ್ರಿಕ್ಸನ್ನು ಒಳಗೆ ಇಟ್ಟುಕೊಳ್ಳುವುದು ಕಂಬಸಾಲಿನ ಪ್ರಕಾರ. ಫೋರ್ಟ್ರಾನ್ ಕಾಲದಿಂದ ಬಂದ ಪದ್ಧತಿ ಇದು. ಮೊದಲ ದಿನದ ಮೂರು ಅಂಕಿ, ಅದರ ಬೆನ್ನಿಗೆ ಎರಡನೇ ದಿನದ ಮೂರು, ಹೀಗೆ ಒಂದೇ ಉದ್ದ ಸರದಲ್ಲಿ ಪೋಣಿಸಿರುತ್ತದೆ. ಅದರಿಂದ 22, 23, 25 ಕಳೆ ಎಂದರೆ ಸರದ ಮೊದಲ ಅಂಕಿಯಿಂದ 22, ಎರಡನೆಯದರಿಂದ 23, ಮೂರನೆಯದರಿಂದ 25 ಕಳೆದು, ಮತ್ತೆ 22ರಿಂದ ಸುತ್ತು ಹೊಡೆಯುತ್ತದೆ. ಅಂದರೆ ಮೊದಲ ದಿನದ ಸರಾಸರಿ ಪೂರ್ತಿ ಡಬ್ಬಿಯ ಸಾಲಿಗೆ ಅಂಟಿತು, ಎರಡನೇ ದಿನದ್ದು ಕಡ್ಡಿಗೆ, ಮೂರನೆಯದು ಗುಂಟೂರಿಗೆ. ಚೀಟಿ ಅದಲುಬದಲು.

ಎಚ್ಚರಿಕೆ ಬರಬೇಕಿತ್ತಲ್ಲ ಎಂದು ಕೇಳುತ್ತೀರಿ. ಬರುವುದಿಲ್ಲ. ಚಿಕ್ಕ ಸರದ ಉದ್ದದಿಂದ ದೊಡ್ಡ ಸರದ ಉದ್ದ ಶೇಷವಿಲ್ಲದೆ ಭಾಗವಾಗದಿದ್ದಾಗ ಮಾತ್ರ ಆರ್ ಎಚ್ಚರಿಸುತ್ತದೆ. ಕಂಬಸಾಲುಗಳ ಸರಾಸರಿ ಎಷ್ಟಿರುತ್ತವೆ? ಕಂಬಸಾಲು ಎಷ್ಟೋ ಅಷ್ಟು. ಮ್ಯಾಟ್ರಿಕ್ಸಿನ ಒಟ್ಟು ಅಂಕಿಗಳು ಅಡ್ಡಸಾಲು ಗುಣಿಸು ಕಂಬಸಾಲು. ಯಾವ ಅಳತೆಯ ಮ್ಯಾಟ್ರಿಕ್ಸ್ ಕೊಟ್ಟರೂ ಸಮನಾಗಿ ಭಾಗವಾಗಿಯೇ ತೀರುತ್ತದೆ. ಹಾಗಾಗಿ ಈ ತಪ್ಪಿಗೆ ಆರ್ ಎಂದಿಗೂ ಬಾಯಿ ಬಿಡುವುದಿಲ್ಲ. ಇದೊಂದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿರಿ.

ಸರಿಯಾದ ದಾರಿ ‘ಸ್ವೀಪ್’. ಅದಕ್ಕೆ ಮ್ಯಾಟ್ರಿಕ್ಸ್, ದಿಕ್ಕು, ಕಳೆಯಬೇಕಾದ ಅಂಕಿಗಳು, ಈ ಮೂರನ್ನು ಕೊಡಬೇಕು. ದಿಕ್ಕಿಗೆ 1 ಅಂದರೆ ಅಡ್ಡಸಾಲು, 2 ಅಂದರೆ ಕಂಬಸಾಲು. ಇಲ್ಲಿ 2. ಆಗ ಡಬ್ಬಿಗೆ 8, 9, 9, ಕಡ್ಡಿಗೆ 3, 1, 4, ಗುಂಟೂರಿಗೆ ಋಣ 11, ಋಣ 10, ಋಣ 13 ಬರುತ್ತದೆ. ಪ್ರತಿ ಕಂಬಸಾಲನ್ನು ಕೂಡಿಸಿ ನೋಡಿರಿ, ಸೊನ್ನೆ ಬರುತ್ತದೆ. ಅವಳ ಹಳೆಯ ಉತ್ತರದಲ್ಲಿ ಋಣ 4, ಋಣ 1, 5 ಬರುತ್ತಿತ್ತು. ಸರಾಸರಿ ಕಳೆದ ಮೇಲೆ ಮೊತ್ತ ಸೊನ್ನೆಯಾಗಿದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಳ್ಳಿರಿ. ದಶಾಂಶದ ಅಂಕಿಗಳಿದ್ದರೆ ಸೊನ್ನೆಗೆ ತೀರಾ ಹತ್ತಿರ ಇದ್ದರೆ ಸಾಕು.

ಹೆಜ್ಜೆ 1: ಮ್ಯಾಟ್ರಿಕ್ಸಿಗೆ ಹೆಸರು ಕೊಡಿ

ಹೆಸರಿಲ್ಲದ ಮ್ಯಾಟ್ರಿಕ್ಸಿನಲ್ಲಿ ಮುಂದಿನ ಯಾವ ಕೆಲಸವೂ ಸಾಗದು. ಎಕ್ಸೆಲ್‌ನಲ್ಲಿ ಹಾಳೆ ಇದ್ದರೆ ಯುಟಿಎಫ್-8 (ಕನ್ನಡ ಅಕ್ಷರಗಳೂ ಸರಿಯಾಗಿ ಉಳಿಯುವ ಸಂಕೇತ ಪದ್ಧತಿ) ಬಗೆಯ ಸಿಎಸ್‌ವಿ ಕಡತ ಎಂದೇ ಉಳಿಸಿರಿ. ಓದಿಸುವಾಗ ಮೊದಲ ಕಂಬಸಾಲನ್ನು ಅಡ್ಡಸಾಲಿನ ಹೆಸರಾಗಿ ತೆಗೆದುಕೊ ಎಂದು ಹೇಳಿರಿ (‘ರೋ.ನೇಮ್ಸ್’ಗೆ 1), ‘ಚೆಕ್.ನೇಮ್ಸ್’ಗೆ ಫಾಲ್ಸ್ ಕೊಡಿರಿ. ಕೊಡದಿದ್ದರೆ ತಲೆಬರಹದ ನಡುವಿನ ಖಾಲಿ ಜಾಗ, ಅಡ್ಡಗೆರೆಗಳನ್ನೆಲ್ಲ ಆರ್ ಚುಕ್ಕೆ ಮಾಡಿಬಿಡುತ್ತದೆ.

ಹೆಸರುಗಳು ಕನ್ನಡದಲ್ಲೇ ಇರಲಿ, ನಡೆಯುತ್ತದೆ. ವಿಂಡೋಸ್‌ನಲ್ಲಿ ಮೊದಲು ತೊಂದರೆ ಇತ್ತು, ‘ಡಬ್ಬಿ’ ಎಂದು ಕೊಟ್ಟರೆ ಪರದೆಯ ಮೇಲೆ ಯೂನಿಕೋಡ್ ಸಂಖ್ಯೆಗಳ ಸಾಲು ಬರುತ್ತಿತ್ತು. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ಹೊಸ ವಿಂಡೋಸ್ ಯಂತ್ರಗಳಲ್ಲೂ ಆರ್ ಯುಟಿಎಫ್-8ನಲ್ಲೇ ಕೆಲಸ ಮಾಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಆವೃತ್ತಿ ಕೂತಿದ್ದರೆ ಮೊದಲು ಅದನ್ನು ಬದಲಿಸಿರಿ.

ಓದಿದ್ದನ್ನು ‘ಆಸ್.ಮ್ಯಾಟ್ರಿಕ್ಸ್’ನಿಂದ ಮ್ಯಾಟ್ರಿಕ್ಸ್ ಮಾಡುವಾಗ ಒಂದು ಜಾಗ್ರತೆ ಬೇಕು. ಒಂದೇ ಒಂದು ಕಂಬಸಾಲಿನಲ್ಲಿ ಅಕ್ಷರ ಇದ್ದರೂ ಇಡೀ ಮ್ಯಾಟ್ರಿಕ್ಸ್ ಅಕ್ಷರವಾಗುತ್ತದೆ, 30 ಎಂಬುದು ಸಂಖ್ಯೆಯಾಗಿ ಉಳಿಯುವುದಿಲ್ಲ. ‘ಈಸ್.ನ್ಯೂಮೆರಿಕ್’ ಕೇಳಿ ಟ್ರೂ ಬಂದ ಮೇಲೆಯೇ ಮುಂದೆ ಹೋಗಿರಿ.

ಹೆಜ್ಜೆ 2: ಮ್ಯಾಟ್ರಿಕ್ಸ್ ಮ್ಯಾಟ್ರಿಕ್ಸಾಗಿಯೇ ಉಳಿಯಲಿ

ಚದರ ಆವರಣದಲ್ಲಿ ‘ಡಬ್ಬಿ’ ಎಂದು ಬರೆದು ಒಂದೇ ಸಾಲು ಎತ್ತಿಕೊಂಡರೆ ಆರ್ ಅದನ್ನು ಬರೀ ಸರವಾಗಿ ಕೊಡುತ್ತದೆ. ಸಾಲಿನ ಹೆಸರು ಉದುರಿಹೋಗುತ್ತದೆ, ಸಾಲುಗಳ ಸಂಖ್ಯೆ ಹೇಳುವ ‘ಎನ್‌ರೋ’ ಕೇಳಿದರೆ ನಲ್ (ಏನೂ ಇಲ್ಲ ಎಂಬ ಗುರುತು) ಬರುತ್ತದೆ. ಆವರಣದ ಕೊನೆಗೆ ‘ಡ್ರಾಪ್ = ಫಾಲ್ಸ್’ ಸೇರಿಸಿದರೆ ಒಂದೇ ಸಾಲಿನ ಮ್ಯಾಟ್ರಿಕ್ಸಾಗಿ ಉಳಿಯುತ್ತದೆ. ಕೈಯಿಂದ ಒಂದು ಸಾಲು ಎತ್ತಿದಾಗ ನಮಗೆ ಗೊತ್ತಿರುತ್ತದೆ, ಸಮಸ್ಯೆ ಅಲ್ಲಿಲ್ಲ. ‘20 ಸಾವಿರಕ್ಕಿಂತ ಕೆಳಗಿನ ಬಗೆಗಳು’ ಎಂದು ಸೋಸಿದಾಗ ಎಂದಾದರೊಮ್ಮೆ ಗುಂಟೂರು ಒಂದೇ ಉಳಿಯುತ್ತದೆ. ಆ ದಿನ ಪ್ರೋಗ್ರಾಂ ಮುರಿಯುತ್ತದೆ. ಸಹಾಯಕ ಫಂಕ್ಷನ್ ಒಳಗೆ ಎಲ್ಲಿ ಚದರ ಆವರಣ ಬಳಸಿದರೂ ಇದನ್ನು ಸೇರಿಸಿಯೇ ಬರೆಯಿರಿ.

ಹೆಜ್ಜೆ 3: ‘ಅಪ್ಲೈ’ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಪ್ರತಿ ಸಾಲಿಗೂ ಒಂದು ಲೆಕ್ಕ ಮಾಡು ಎನ್ನಲು ‘ಅಪ್ಲೈ’ ಇದೆ. ಒಳ್ಳೆಯ ಫಂಕ್ಷನ್, ಆದರೆ ಎರಡು ಕೊರತೆ.

ಮೊದಲನೆಯದು, ಅಡ್ಡಸಾಲಿನ ದಿಕ್ಕಿನಲ್ಲಿ ಓಡಿಸಿ, ನಿಮ್ಮ ಫಂಕ್ಷನ್ ಒಂದಕ್ಕಿಂತ ಹೆಚ್ಚು ಅಂಕಿ ಮರಳಿಸಿದರೆ ಉತ್ತರ ತಿರುಗುಮುರುಗಾಗಿ ಬರುತ್ತದೆ, ಅಡ್ಡಸಾಲು ಕಂಬಸಾಲಾಗುತ್ತದೆ. ನಮ್ಮದು ಮೂರು ಮೂರರ ಮ್ಯಾಟ್ರಿಕ್ಸ್ ಆದ್ದರಿಂದ ಅಳತೆ ನೋಡಿದರೂ ಗೊತ್ತಾಗುವುದಿಲ್ಲ. ಹೆಸರಿಟ್ಟಿದ್ದರೆ ಮಾತ್ರ ಡಬ್ಬಿ, ಕಡ್ಡಿ, ಗುಂಟೂರು ತಲೆಯ ಮೇಲೆ ಕೂತದ್ದು ಕಾಣುತ್ತದೆ. ‘ಟಿ’ ಎಂಬ ಒಂದಕ್ಷರದ ಫಂಕ್ಷನ್ನಿನಿಂದ ತಿರುಗಿಸಿಕೊಳ್ಳಬೇಕು.

ಎರಡನೆಯ ಕೊರತೆಯೇ ಈ ಲೇಖನದ ಮೂಲ. ‘ಅಪ್ಲೈ’ ನಿಮ್ಮ ಫಂಕ್ಷನ್ನಿನ ಕೈಗೆ 25, 24, 29 ಎಂಬ ಅಂಕಿಗಳನ್ನು ಕೊಡುತ್ತದೆ, ಇದು ಕಡ್ಡಿಯ ಸಾಲು ಎಂದು ಹೇಳುವುದಿಲ್ಲ. ಸರಾಸರಿ ತೆಗೆಯಲು ಹೆಸರು ಬೇಡ. ಆದರೆ ಬಗೆಗೊಂದು ನಿಯಮ ಇದ್ದಾಗ? ಅಂಕಿ ಬರೆದುಕೊಳ್ಳುವಾಗ ಆದ ತಪ್ಪು ಹಿಡಿಯಲು ನಾವೊಂದು ಮಿತಿ ಇಟ್ಟುಕೊಳ್ಳೋಣ: ತನ್ನ ಸರಾಸರಿಯಿಂದ ಡಬ್ಬಿ 3ಕ್ಕಿಂತ, ಕಡ್ಡಿ 2ಕ್ಕಿಂತ, ಗುಂಟೂರು 1ಕ್ಕಿಂತ ಹೆಚ್ಚು ಸರಿದರೆ ಆ ದರವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಡಬ್ಬಿಯ ಏರಿಳಿತವನ್ನು ಗುಂಟೂರಿನ ಮಿತಿಯಿಂದ ಅಳೆಯಲಾಗದು. ಫಂಕ್ಷನ್ನಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ತಿಳಿಯಲೇಬೇಕು.

ಹೆಜ್ಜೆ 4: ವಿವರದ ಪಟ್ಟಿ, ಹೊಂದಿಸುವುದು ಹೆಸರಿನಿಂದ

ಬಗೆ ಮತ್ತು ಮಿತಿ ಇರುವ ಪುಟ್ಟ ಡೇಟಾ ಫ್ರೇಮ್ (ಅಕ್ಷರ, ಅಂಕಿ ಎರಡನ್ನೂ ಇಡಬಹುದಾದ ಪಟ್ಟಿ) ಮಾಡಿರಿ. ಮ್ಯಾಟ್ರಿಕ್ಸಿನ ಸಾಲಿಗೂ ಇದರ ಸಾಲಿಗೂ ನಂಟು ಹಾಕಬೇಕಾದದ್ದು ‘ಮ್ಯಾಚ್’ ಮೂಲಕ: ಮ್ಯಾಟ್ರಿಕ್ಸಿನ ಸಾಲಿನ ಹೆಸರು ಪಟ್ಟಿಯಲ್ಲಿ ಎಷ್ಟನೆಯದು ಎಂದು ಕೇಳಿ, ಆ ಕ್ರಮದಲ್ಲಿ ಪಟ್ಟಿಯನ್ನು ಜೋಡಿಸಿಕೊಳ್ಳುವುದು. ಉತ್ತರದಲ್ಲಿ ಒಂದೇ ಒಂದು ಎನ್‌ಎ (ಬೆಲೆ ಸಿಕ್ಕಿಲ್ಲ ಎಂಬ ಗುರುತು) ಇದ್ದರೂ ‘ಸ್ಟಾಪ್’ ಹಾಕಿ ಕೆಲಸ ನಿಲ್ಲಿಸಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಇಂಥದ್ದೇ ವರದಿ ಮಾಡಿಕೊಡುವಾಗ ಇನ್ನೊಂದು ಪಟ್ಟಿಯನ್ನು ‘ಮರ್ಜ್’ನಿಂದ ಕೂಡಿಸಿದ್ದೆ. ‘ಮರ್ಜ್’ ತಾನಾಗಿಯೇ ಸಾಲುಗಳನ್ನು ಅಕ್ಷರಕ್ರಮಕ್ಕೆ ತರುತ್ತದೆ ಎಂಬುದು ನನ್ನ ಗಮನದಲ್ಲಿರಲಿಲ್ಲ. ಡಬ್ಬಿ, ಕಡ್ಡಿ, ಗುಂಟೂರು ಇದ್ದದ್ದು ಕಡ್ಡಿ, ಗುಂಟೂರು, ಡಬ್ಬಿ ಆಯಿತು. ಮೇಲಿನ ಅಂಕಿಗಳಲ್ಲೇ ನೋಡಿರಿ. ಕಡ್ಡಿಯ ಸರಾಸರಿ 26, ಅದರಿಂದ ಸರಿದದ್ದು ಋಣ 1, ಋಣ 2, 3. ಮಿತಿ 2 ಆದ್ದರಿಂದ ಮೂರನೇ ದಿನದ 29 ಒಂದನ್ನೇ ಪರಿಶೀಲಿಸಬೇಕು. ಕ್ರಮ ಕೆಟ್ಟಾಗ ಕಡ್ಡಿಯ ಪಾಲಿಗೆ ಗುಂಟೂರಿನ ಮಿತಿ 1 ಬರುತ್ತದೆ, ಸರಿಯಾಗಿಯೇ ಇದ್ದ 24 ಕೂಡ ಅನುಮಾನದ ಪಟ್ಟಿಗೆ ಸೇರುತ್ತದೆ. ನನ್ನ ವರದಿಯಲ್ಲೂ ಹೀಗೆಯೇ ಸರಿಯಾದ ದರಗಳಿಗೆ ಕೆಂಪು ಗುರುತು ಬಿದ್ದಿತ್ತು. ದರ ಬರೆದುಕೊಂಡ ಹುಡುಗನನ್ನು ಕರೆದು ಕೇಳಿದರು, ಅವನದೇನೂ ತಪ್ಪಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ಹೆಜ್ಜೆ 5: ಸಂದರ್ಭವನ್ನು ಇಡುವ ಜಾಗ

ಸುಲಭದ ದಾರಿ ಒಂದಿದೆ: ಸಾಲಿನ ಕ್ರಮಸಂಖ್ಯೆಯ ಮೇಲೆ ಸುತ್ತು ಹಾಕಿ, ಪ್ರತಿ ಸಲ ಅಂಕಿ, ಹೆಸರು, ವಿವರ ಮೂರನ್ನೂ ಫಂಕ್ಷನ್ನಿಗೆ ಕೊಡುವುದು. ಸಣ್ಣ ಕೆಲಸಕ್ಕೆ ಇದೇ ಸಾಕು, ಇಷ್ಟಕ್ಕೇ ನಿಂತರೂ ನಷ್ಟವಿಲ್ಲ. ಆದರೆ ಫಂಕ್ಷನ್ ಒಳಗೆ ಫಂಕ್ಷನ್, ಅದರೊಳಗೆ ಇನ್ನೊಂದು ಬಂದಾಗ ಈ ಮೂರನ್ನೂ ಎಲ್ಲ ಕಡೆ ಹೊತ್ತು ತಿರುಗಬೇಕಾಗುತ್ತದೆ. ಅದರ ಬದಲು ‘ಈಗಿನ ಹೆಸರು’ ಎಂದು ಎಲ್ಲಿಂದ ಕೇಳಿದರೂ ಸಿಗುವಂತೆ ಮಾಡೋಣ.

ಅದಕ್ಕೆ ಒಂದು ಎನ್ವಿರಾನ್ಮೆಂಟ್ ಬೇಕು, ‘ನ್ಯೂ.ಎನ್ವ್’ನಿಂದ ಹುಟ್ಟಿಸಬಹುದು. ಸಾಮಾನ್ಯ ಚರಾಂಕ (ವೇರಿಯಬಲ್) ಯಾಕೆ ಸಾಲದು? ಫಂಕ್ಷನ್ ಒಳಗೆ ಮಾಡಿದ ಬದಲಾವಣೆ ಆ ಫಂಕ್ಷನ್ನಿನ ಜೊತೆಗೇ ಅಳಿಸಿಹೋಗುತ್ತದೆ. ಎನ್ವಿರಾನ್ಮೆಂಟ್ ಹಾಗಲ್ಲ, ಅದು ಓಣಿಯ ನಡುವಿನ ಕರಿಹಲಗೆ ಇದ್ದ ಹಾಗೆ. ಯಾರು ಬರೆದರೂ ಎಲ್ಲರಿಗೂ ಕಾಣುತ್ತದೆ. ಅದರಲ್ಲಿ ‘ಈಗ’ ಎಂಬ ಒಂದೇ ಜಾಗ ಇಟ್ಟು, ಮೊದಲಿಗೆ ನಲ್ ತುಂಬಿರಿ.

ಹೆಜ್ಜೆ 6: ಸುತ್ತು ಹಾಕುವ ಫಂಕ್ಷನ್

ಇದರ ಕೆಲಸ ಹೀಗೆ. ಒಳಬಂದ ಕೂಡಲೇ ಹಲಗೆಯ ಮೇಲೆ ಈಗ ಏನಿದೆಯೋ ಅದನ್ನು ‘ಹಳೆಯದು’ ಎಂದು ಎತ್ತಿಟ್ಟುಕೊಳ್ಳಬೇಕು. ಅದರ ಮರುಸಾಲಿನಲ್ಲೇ ‘ಆನ್.ಎಕ್ಸಿಟ್’ ಬರೆಯಬೇಕು: ಹೊರಗೆ ಹೋಗುವಾಗ ಹಳೆಯದನ್ನು ಹಲಗೆಗೆ ಮರಳಿ ಬರೆ ಎಂದು. ನಂತರ ‘ಸೆಕ್_ಲೆನ್’ಗೆ ಸಾಲುಗಳ ಸಂಖ್ಯೆ ಕೊಟ್ಟು ಸುತ್ತು ಶುರು ಮಾಡಬೇಕು. ಪ್ರತಿ ಸುತ್ತಿನಲ್ಲಿ ಕ್ರಮಸಂಖ್ಯೆ, ಸಾಲಿನ ಹೆಸರು, ವಿವರದ ಪಟ್ಟಿಯ ಆ ಸಾಲು, ಈ ಮೂರನ್ನು ಒಂದು ಲಿಸ್ಟ್ ಮಾಡಿ ಹಲಗೆಗೆ ಬರೆದು, ಆಮೇಲೆ ಬಳಕೆದಾರರ ಫಂಕ್ಷನ್ನಿಗೆ ಅಂಕಿಗಳನ್ನು ಕೊಟ್ಟು ಓಡಿಸಬೇಕು. ಉತ್ತರಗಳನ್ನು ಒಂದು ಲಿಸ್ಟಿನಲ್ಲಿ ಕೂಡಿಟ್ಟು, ಸಾಲಿನ ಹೆಸರು ಅಂಟಿಸಿ ಮರಳಿಸಬೇಕು.

‘ಆನ್.ಎಕ್ಸಿಟ್’ ಬಿಟ್ಟರೆ ಏನಾದೀತು? ಕಡ್ಡಿಯ ಸುತ್ತಿನಲ್ಲಿ ಲೆಕ್ಕ ಎಡವಿ ನಿಂತಿತು ಎನ್ನಿ. ಹಲಗೆಯ ಮೇಲೆ ‘ಕಡ್ಡಿ’ ಹಾಗೇ ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಬೇರೆ ಮ್ಯಾಟ್ರಿಕ್ಸಿನ ಕೆಲಸದಲ್ಲಿ ‘ಈಗಿನ ಹೆಸರು’ ಕೇಳಿದರೆ ‘ಕಡ್ಡಿ’ ಎಂದು ಉತ್ತರಿಸುತ್ತದೆ. ‘ಆನ್.ಎಕ್ಸಿಟ್’ ಬರೆದಿದ್ದರೆ ಫಂಕ್ಷನ್ ಸರಿಯಾಗಿ ಮುಗಿಯಲಿ, ನಡುವೆ ಬೀಳಲಿ, ಹಲಗೆ ಸ್ವಚ್ಛವಾಗಿಯೇ ಆಗುತ್ತದೆ. ಒಂದೇ ಫಂಕ್ಷನ್ನಿನಲ್ಲಿ ಎರಡು ‘ಆನ್.ಎಕ್ಸಿಟ್’ ಬೇಕಾದರೆ ಎರಡನೆಯದಕ್ಕೆ ‘ಆ್ಯಡ್ = ಟ್ರೂ’ ಕೊಡುವುದನ್ನು ಮರೆಯಬೇಡಿರಿ, ಇಲ್ಲದಿದ್ದರೆ ಮೊದಲನೆಯದು ಅಳಿಸಿಹೋಗುತ್ತದೆ.

ಬರೀ ನಲ್ ಬರೆದು ಒರೆಸದೆ ಹಳೆಯದನ್ನೇ ಮರಳಿ ಬರೆಯಲು ಕಾರಣ, ಸುತ್ತಿನೊಳಗೆ ಇನ್ನೊಂದು ಸುತ್ತು ಬರಬಹುದು. ಡಬ್ಬಿಯ ಸಾಲಿನಲ್ಲಿ ನಿಂತು ಒಳಗೆ ಇನ್ನೊಂದು ಮ್ಯಾಟ್ರಿಕ್ಸ್ ಸುತ್ತಿ ಹೊರಬಂದಾಗ ನಾವು ಮತ್ತೆ ಡಬ್ಬಿಯಲ್ಲೇ ಇರಬೇಕಲ್ಲವೇ?

‘ಸೆಕ್_ಲೆನ್’ ಯಾಕೆ, 1ರಿಂದ ಸಾಲುಗಳ ಸಂಖ್ಯೆಯವರೆಗೆ ಎಂದು ಬರೆದರೆ ಆಗದೇ? ಸೋಸಿದ ಮೇಲೆ ಒಂದು ಸಾಲೂ ಉಳಿಯದಿದ್ದರೆ ಆರ್ 1ರಿಂದ 0ಗೆ ಇಳಿಯುತ್ತದೆ, ಅಂದರೆ ಇಲ್ಲದ ಸಾಲುಗಳ ಮೇಲೆ ಎರಡು ಸುತ್ತು. ‘ಸೆಕ್_ಲೆನ್’ ಆದರೆ ಸುಮ್ಮನಿರುತ್ತದೆ.

ಹೆಜ್ಜೆ 7: ಕೇಳುವ ಫಂಕ್ಷನ್‌ಗಳು

ಇವು ಎರಡು ಮೂರು ಸಾಲಿನವು. ‘ಈಗಿನ ಹೆಸರು’ ಹಲಗೆ ನೋಡಿ ಹೆಸರು ಕೊಡುತ್ತದೆ, ‘ಈಗಿನ ಸ್ಥಾನ’ ಕ್ರಮಸಂಖ್ಯೆ ಕೊಡುತ್ತದೆ, ‘ಈಗಿನ ವಿವರ’ ಮಿತಿ ಇರುವ ಸಾಲನ್ನು ಕೊಡುತ್ತದೆ. ಮೂರರಲ್ಲೂ ಮೊದಲ ಕೆಲಸ ಒಂದೇ: ಹಲಗೆಯಲ್ಲಿ ನಲ್ ಇದ್ದರೆ ‘ಇದನ್ನು ಸಾಲಿನ ಸುತ್ತಿನೊಳಗೆ ಮಾತ್ರ ಕೇಳಿರಿ’ ಎಂಬ ಸಂದೇಶದೊಂದಿಗೆ ‘ಸ್ಟಾಪ್’. ಸಂದೇಶ ಕನ್ನಡದಲ್ಲೇ ಬರೆಯಿರಿ. ಖಾಲಿ ಹೆಸರೋ ಎನ್‌ಎಯೋ ಮರಳಿಸುವ ಆಸೆ ಬರುತ್ತದೆ, ಬೇಡ. ತಾನೆಲ್ಲಿದ್ದೇನೆ ಎಂದು ತಿಳಿಯದ ಫಂಕ್ಷನ್ ಅಲ್ಲೇ ನಿಲ್ಲಬೇಕು.

ಈಗ ನಮ್ಮ ಮಿತಿಯ ಲೆಕ್ಕ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಸಾಲಿನಿಂದ ಅದರ ಸರಾಸರಿ ಕಳೆ, ಚಿಹ್ನೆ ಬಿಟ್ಟು ಬೆಲೆ ನೋಡು, ‘ಈಗಿನ ವಿವರ’ದ ಮಿತಿಗಿಂತ ಹೆಚ್ಚಿದ್ದನ್ನು ತೋರಿಸು. ಟೆಂಡರ್ ನಡೆಯದ ದಿನದ ಜಾಗ ಖಾಲಿ ಇರುವುದು ಸಾಮಾನ್ಯ, ಆದ್ದರಿಂದ ಸರಾಸರಿಗೆ ‘ಎನ್‌ಎ.ಆರ್‌ಎಂ = ಟ್ರೂ’ ಕೊಡಿರಿ. ನಮ್ಮ ಅಂಕಿಗಳಿಗೆ ಓಡಿಸಿದರೆ ಡಬ್ಬಿಯಲ್ಲಿ ಏನೂ ಇಲ್ಲ, ಗುಂಟೂರಿನಲ್ಲಿ ಏನೂ ಇಲ್ಲ, ಕಡ್ಡಿಯಲ್ಲಿ ಮೂರನೇ ದಿನ.

ಹೆಜ್ಜೆ 8: ಪರೀಕ್ಷೆ

ಚೌಕ ಮ್ಯಾಟ್ರಿಕ್ಸಿನಲ್ಲಿ ಪರೀಕ್ಷಿಸಬೇಡಿರಿ, ಅದು ತಪ್ಪನ್ನು ಮುಚ್ಚಿಡುತ್ತದೆ. ಮೂರು ಅಡ್ಡಸಾಲಿಗೆ ಐದು ಕಂಬಸಾಲು ಇಟ್ಟುಕೊಳ್ಳಿರಿ. ಒಂದೇ ಸಾಲಿನದು, ಸಾಲೇ ಇಲ್ಲದ್ದು, ನಡುವೆ ಎನ್‌ಎ ಇರುವುದು, ಇವನ್ನೂ ಓಡಿಸಿರಿ. ಬೇಕೆಂದೇ ಒಂದು ಸಲ ನಡುವೆ ತಪ್ಪು ಹುಟ್ಟಿಸಿ, ಆಮೇಲೆ ‘ಈಗಿನ ಹೆಸರು’ ಕೇಳಿರಿ, ಅದು ನಿರಾಕರಿಸಬೇಕು.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಪರೀಕ್ಷೆ ಮಾತ್ರ ಕಲಸುವ ಪರೀಕ್ಷೆ. ‘ಸ್ಯಾಂಪಲ್’ ಬಳಸಿ ಮ್ಯಾಟ್ರಿಕ್ಸಿನ ಸಾಲುಗಳನ್ನು ಕಲಸಿರಿ, ವಿವರದ ಪಟ್ಟಿಯನ್ನು ಮುಟ್ಟಬೇಡಿರಿ. ಲೆಕ್ಕ ಓಡಿಸಿ, ಉತ್ತರವನ್ನು ಹೆಸರಿನಿಂದ ಮೊದಲಿನ ಕ್ರಮಕ್ಕೆ ತನ್ನಿರಿ. ಕಲಸದೆ ಬಂದ ಉತ್ತರಕ್ಕೂ ಇದಕ್ಕೂ ‘ಐಡೆಂಟಿಕಲ್’ ಟ್ರೂ ಎನ್ನಬೇಕು. ಎನ್ನದಿದ್ದರೆ ನಿಮ್ಮ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ ಹೆಸರಿನ ಬದಲು ಸ್ಥಾನ ನೋಡಿ ಹೊಂದಿಸುತ್ತಿದ್ದೀರಿ. ನನ್ನ ಆ ವರದಿಗೆ ಈ ಪರೀಕ್ಷೆ ಮಾಡಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಎಲ್ಲಿ ಬೇಡ, ಎಲ್ಲಿ ಸಿದ್ಧ ಸಿಗುತ್ತದೆ

ಬರೀ ಮೊತ್ತ, ಸರಾಸರಿ ಬೇಕಿದ್ದರೆ ‘ರೋಸಮ್ಸ್’, ‘ರೋಮೀನ್ಸ್’ ಬಳಸಿರಿ. ಒಳಗೆ ಸಿ ಭಾಷೆಯಲ್ಲಿ ಓಡುವುದರಿಂದ ನಮ್ಮ ಸುತ್ತಿಗಿಂತ ಬಹಳ ಬೇಗ ಮುಗಿಯುತ್ತವೆ.

ಹಲವು ಕೋರ್‌ಗಳಲ್ಲಿ ಹಂಚಿ ಓಡಿಸುವವರಿಗೊಂದು ಮಾತು. ‘ಪಾರ್‌ಲ್ಯಾಪ್ಲೈ’ಯಂಥವು ಕೆಲಸವನ್ನು ಬೇರೆ ಬೇರೆ ಆರ್ ಪ್ರಕ್ರಿಯೆಗಳಿಗೆ ಹಂಚುತ್ತವೆ. ನಿಮ್ಮ ಹಲಗೆ ಅಲ್ಲಿರುವುದಿಲ್ಲ. ಹಲಗೆಗೆ ಬರೆಯುವ ಕೆಲಸವೂ ಆ ಪ್ರಕ್ರಿಯೆಯ ಒಳಗೇ ನಡೆಯುವಂತೆ ಬರೆಯಬೇಕು. ಹಾಗೆಯೇ ಸುತ್ತಿನೊಳಗೆ ಒಂದು ಫಂಕ್ಷನ್ ಹುಟ್ಟಿಸಿ ಹೊರಗೆ ತಂದು ಆಮೇಲೆ ಓಡಿಸುವಿರಾದರೆ, ಹೆಸರನ್ನು ಸುತ್ತಿನೊಳಗೇ ಕೇಳಿ ಒಂದು ಚರಾಂಕದಲ್ಲಿ ಇಟ್ಟುಕೊಳ್ಳಿರಿ. ಹೊರಗೆ ಬಂದ ಮೇಲೆ ಕೇಳಿದರೆ ಹಲಗೆ ಖಾಲಿ.

ಈ ವಿಚಾರ ನನ್ನದಲ್ಲ, ಆರ್ ಬಳಗದಲ್ಲಿ ಬೇರೂರಿದ್ದು. 2020ರಲ್ಲಿ ಬಂದ ಡಿಪ್ಲೈಯರ್ ಎಂಬ ಪ್ಯಾಕೇಜಿನ 1.0.0 ಆವೃತ್ತಿಯಲ್ಲಿ ‘ಕರ್_ಗ್ರೂಪ್’, ‘ಕರ್_ಕಾಲಮ್’ ಇವೆ, ಈಗ ಯಾವ ಗುಂಪು, ಯಾವ ಕಂಬಸಾಲು ಎಂದು ಹೇಳುತ್ತವೆ. ಮ್ಯಾಟ್ರಿಕ್ಸಿಗೆಂದೇ ‘ಮ್ಯಾಟ್ರಿಕ್ಸ್‌ಸೆಟ್’ ಎಂಬ ಪ್ಯಾಕೇಜ್ ಇದೆ, ಸಾಲಿನ ವಿವರವನ್ನು ಮ್ಯಾಟ್ರಿಕ್ಸಿನ ಜೊತೆಗೇ ಕಟ್ಟಿಡುತ್ತದೆ. ಜೀವವಿಜ್ಞಾನದವರಿಗೆ ಬಯೋಕಂಡಕ್ಟರ್ ಎಂಬ ಪ್ಯಾಕೇಜ್ ಸಂಗ್ರಹದ ‘ಸಮ್ಮರೈಸ್ಡ್‌ಎಕ್ಸ್‌ಪೆರಿಮೆಂಟ್’ ಇದೆ, ಸಾಲು ಸೋಸಿದರೆ ವಿವರವೂ ಜೊತೆಯಲ್ಲೇ ಸೋಸಿಹೋಗುತ್ತದೆ. ದೊಡ್ಡ ಪ್ರಾಜೆಕ್ಟಿಗೆ ಇವನ್ನೇ ಹಿಡಿಯಿರಿ. ಆದರೆ ಒಮ್ಮೆಯಾದರೂ ಮೇಲಿನ ಎಂಟು ಹೆಜ್ಜೆಗಳನ್ನು ಕೈಯಾರೆ ಬರೆದು ನೋಡಿರಿ, ಐವತ್ತು ಸಾಲು ಮೀರುವುದಿಲ್ಲ. ಬರೆದದ್ದನ್ನು ಒಂದು ಕಡತದಲ್ಲಿ ಯುಟಿಎಫ್-8ನಲ್ಲಿ ಉಳಿಸಿ, ‘ಸೋರ್ಸ್’ನಿಂದ ಕರೆಯುವಾಗ ‘ಎನ್‌ಕೋಡಿಂಗ್’ಗೂ ಅದನ್ನೇ ಕೊಡಿರಿ, ಕನ್ನಡದ ಹೆಸರು, ಕನ್ನಡದ ಸಂದೇಶ ಹಾಳಾಗದೆ ಬರುತ್ತವೆ.